ಮುಕುಂದಯ್ಯನ ಜೀಪಿಗೆ ಮೂಗು ಬಂದದ್ದು

ಎಲ್ಲಕ್ಕೂ ಮೂಲ ರಿಪ್ಪನ್‌ಪೇಟೆಯ ಕ್ಷೌರದಂಗಡಿಯ ಬೆಂಚಿನ ಮೇಲೆ ಬಿದ್ದಿದ್ದ ಒಂದು ಹಳೆಯ ಇಂಗ್ಲಿಷ್ ಪತ್ರಿಕೆ. ಅರ್ಧ ಗಡ್ಡ ಹೆರೆದಾದ ಮೇಲೆ ಕ್ಷೌರಿಕ ಯಾರ ಜೊತೆಗೋ ಮಾತಾಡಲು ಬಾಗಿಲಿಗೆ ಹೋದ. ಅವನು ತಿರುಗಿ ಬರುವಷ್ಟರಲ್ಲಿ ಮುಕುಂದಯ್ಯ ಅದರ ನಡುಪುಟ ಬಿಡಿಸಿ ಕೂತಿದ್ದ. ಅಲ್ಲೊಂದು ಪರದೇಶದ ಕಾರು. ಅದರ ಬಾನೆಟ್ಟಿನ ಮೇಲೆ ಬಾಯಿ ತೆರೆದ ಒಂದು ಉಬ್ಬು. ಕೆಳಗೆ ಬರೆದದ್ದನ್ನು ಓದುವಷ್ಟು ಇಂಗ್ಲಿಷ್ ಅವನಿಗೆ ಬರುತ್ತಿರಲಿಲ್ಲ. ಆದರೆ ಗಾಳಿ ಆ ಬಾಯಿಯಿಂದ ಒಳಹೊಕ್ಕು ಇಂಜಿನ್ನಿಗೆ ತಾಗುವುದನ್ನು ಬಾಣದ ಗುರುತು ಹಾಕಿ ತೋರಿಸಿದ್ದರು. ಬಾಣಕ್ಕೆ ಯಾವ ಭಾಷೆ?

"ಸಿಕ್ತು!" ಎಂದು ಮುಕುಂದಯ್ಯ ಅರ್ಧ ಗಡ್ಡದಲ್ಲೇ ಎದ್ದು ನಿಂತ.

ಮುಕುಂದಯ್ಯನದು ಬೀಜ ಗೊಬ್ಬರದ ಅಂಗಡಿ. ಆದರೆ ಊರಿನವರು ಅವನನ್ನು ಗುರುತಿಸುತ್ತಿದ್ದದ್ದು ಅಂಗಡಿಯಿಂದಲ್ಲ, ಜೀಪಿನಿಂದ. ಮಿಲಿಟರಿಯವರು ಸಾಕಪ್ಪಾ ಸಾಕು ಎಂದು ಹರಾಜಿಗೆ ಹಾಕಿದ್ದ ಜೀಪು ಅದು. ಮಕ್ಕಳನ್ನು ಶಾಲೆಗೆ ಬಿಡುವುದು, ಭತ್ತವನ್ನು ಗಿರಣಿಗೆ ಒಯ್ಯುವುದು, ನೆಂಟರ ಬಾಣಂತಿಯನ್ನು ತವರಿನಿಂದ ಕರೆತರುವುದು, ಹಾದಿಯಲ್ಲಿ ಕೈ ಅಡ್ಡ ಹಿಡಿದವರನ್ನೆಲ್ಲ ತುಂಬಿಕೊಳ್ಳುವುದು, ಎಲ್ಲ ಅದರಲ್ಲೇ. ಮನೆಯಲ್ಲಿ ಹೆಂಡತಿಯ ಮಾತು ನಡೆಯುತ್ತಿತ್ತು, ಅಂಗಡಿಯಲ್ಲಿ ಗಿರಾಕಿಯ ಮಾತು ನಡೆಯುತ್ತಿತ್ತು. ಸ್ಟೇರಿಂಗ್ ಹಿಡಿದಾಗ ಮಾತ್ರ ತಾನು ತಿರುಗಿಸಿದ ಕಡೆ ಏನೋ ಒಂದು ತಿರುಗುತ್ತದೆ ಎಂಬ ಸಮಾಧಾನ ಅವನಿಗೆ ಸಿಗುತ್ತಿತ್ತು. ಅದಕ್ಕೇ ಆ ಜೀಪೆಂದರೆ ಅವನಿಗೆ ಪ್ರಾಣ.

ಜೀಪಿಗಿದ್ದದ್ದು ಒಂದೇ ದೋಷ. ಏರು ಕಂಡರೆ ಸಾಕು, ಬುಸುಗುಟ್ಟಿ ಕುದಿಯುತ್ತಿತ್ತು. ಆಗ ಎಲ್ಲರೂ ಇಳಿದು, ಹಳ್ಳ ಹುಡುಕಿ, ನೀರು ತಂದು ಹೊಯ್ಯಬೇಕು. ತೀರ್ಥಹಳ್ಳಿಯಲ್ಲಿ ತನ್ನ ಅಣ್ಣ ಗಿರಿಯಪ್ಪನ ಮಗಳು ಗಂಗಾಳ ನಿಶ್ಚಿತಾರ್ಥ ಗೊತ್ತಾದ ದಿನವೇ ತುಂಗಮ್ಮ ಗಂಡನಿಗೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು.

"ನೋಡಿ, ಜರಿ ಸೀರೆ ಉಟ್ಕೊಂಡು ನಾನು ಹಳ್ಳಕ್ಕೆ ಇಳಿಯೋಳಲ್ಲ. ಅವತ್ತು ದಾರೀಲಿ ಒಂದೇ ಒಂದು ಸಲ ಇದು ಕುದಿ ಬಂತು ಅಂದ್ರೆ, ಮಾರನೇ ದಿನ ಜೀಪು ಮನೆ ಮುಂದೆ ಇರಬಾರದು. ನಮ್ಮವ್ವನ ಮೇಲಾಣೆ."

ತುಂಗಮ್ಮ ಅವ್ವನ ಮೇಲೆ ಆಣೆ ಇಟ್ಟಳೆಂದರೆ ಅದು ಹೈಕೋರ್ಟಿನ ತೀರ್ಪು.

ಹೀಗಿರುವಾಗ ಕ್ಷೌರದಂಗಡಿಯಲ್ಲಿ ಆ ಬಾಣ ಕಂಡದ್ದು. ಅದೇ ವಾರ ತುಂಗಮ್ಮ ಗಂಗಾಳಿಗೆ ಉಡುಗೊರೆ ಕೊಡಲೆಂದು ತನ್ನ ತವರಿನ ತಾಮ್ರದ ನೀರಿನ ಹಂಡೆಯನ್ನು ಬಚ್ಚಲಿಂದ ಕಿತ್ತು, ತಗ್ಗು ತೆಗೆಸಿ ಬೆಳಗಿಸಿಕೊಂಡು ಬನ್ನಿ ಎಂದು ಗಂಡನನ್ನು ಸಾಗರಕ್ಕೆ ಅಟ್ಟಿದಳು. "ಜೋಪಾನ. ನಮ್ಮವ್ವನ ಹೆಸರು ಕೆತ್ತಿಸಿದ ಹಂಡೆ ಅದು" ಎಂದು ಸಾರಿ ಸಾರಿ ಹೇಳಿದಳು. ಮುಕುಂದಯ್ಯ ಅವಳು ಅತ್ತ ತಿರುಗಿದಾಗ ಅಟ್ಟ ಹತ್ತಿ, ಅಲ್ಲಿ ಬಿದ್ದಿದ್ದ ಇನ್ನೊಂದು ತೂತು ಹಂಡೆಯನ್ನೂ ಜೀಪಿಗೆ ಸೇರಿಸಿದ. ಎರಡೂ ಒಂದೇ ಅಳತೆ, ಎರಡೂ ಮಸಿ ಹಿಡಿದು ಕಪ್ಪು.

ಸಾಗರದ ತಾಮ್ರದ ಕೆಲಸದ ಗುತ್ಯಪ್ಪನಿಗೆ ಮುಕುಂದಯ್ಯ ನೆಲದ ಮೇಲೆ ಇದ್ದಲಿನಿಂದ ಚಿತ್ರ ಬರೆದು ತೋರಿಸಿದ.

"ಈ ತೂತು ಹಂಡೆ ಕತ್ತರಿಸಿ ಇಂಥದೊಂದು ಜೀಪಿಗೆ ಕೂರಿಸಬೇಕಲ್ಲ, ಆಗ್ತದಾ?"

"ದೇವರಿಗೇ ಮುಖವಾಡ ಮಾಡಿ ಕೊಟ್ಟೋನು ನಾನು. ಜೀಪಿಗೊಂದು ಮೂಗು ಮಾಡಕ್ಕೆ ಆಗಲ್ವಾ ಅಯ್ಯಾ? ಹೋಗಿ ಊಟ ಮಾಡ್ಕೊಂಡು ಬನ್ನಿ."

ಊಟ ಮಾಡಿ, ಪೇಟೆ ಸುತ್ತಿ ಬರುವಷ್ಟರಲ್ಲಿ ಮೂಗು ಬಾನೆಟ್ಟಿನ ಮೇಲೆ ಕೂತಿತ್ತು. ಜೀಪಿನದೇ ಹಸಿರು ಬಣ್ಣ ಅದಕ್ಕೂ ಬಳಿದಿತ್ತು. ಉಡುಗೊರೆಯ ಹಂಡೆಯನ್ನು ಗುತ್ಯಪ್ಪ ಹುಲ್ಲು ಸುತ್ತಿ, ಗೋಣಿಯಲ್ಲಿಟ್ಟು ಹೊಲಿದು ಕೊಟ್ಟ. ಮನೆಗೆ ಬಂದು ಮುಕುಂದಯ್ಯ ಹೆಂಡತಿಗೆ, "ಇದು ಬೊಂಬಾಯಿ ಕಂಪನಿ ಮಾಲು. ಇಂಜಿನ್ ತಂಪಾಗಿಡ್ತದೆ" ಎಂದ. ಅಟ್ಟದ ಹಂಡೆ ಕೇಳದೆ ಒಯ್ದದ್ದಕ್ಕೆ ಬೈಗುಳ ತಿನ್ನುವ ಬದಲು ಒಂದು ಸಣ್ಣ ಸುಳ್ಳು ಲೇಸೆಂದು ಅವನ ಲೆಕ್ಕ.

ತುಂಗಮ್ಮ ಜೀಪನ್ನು ಸುತ್ತು ಹಾಕಿ ನೋಡಿದಳು. "ಮುಖದ ಮೇಲೆ ಪಾತ್ರೆ ಮಗುಚಿದ ಹಾಗಿದೆ" ಎಂದಳು. ಮುಕುಂದಯ್ಯ ಸರಸರನೆ ಮೂಗಿಗೆ ಅಡ್ಡ ನಿಂತ. ಪುಣ್ಯಕ್ಕೆ ಅವಳು ಅಷ್ಟೇ ಹೇಳಿ ಒಳಗೆ ಹೋದಳು.

ನಿಶ್ಚಿತಾರ್ಥದ ದಿನ ಬೆಳಿಗ್ಗೆ ಪಕ್ಕದ ಮನೆಯ ಮಂಜಯ್ಯ ಮತ್ತು ಅವನ ಹೆಂಡತಿ ವರದಮ್ಮ ಕರೆಯದಿದ್ದರೂ ಸಿದ್ಧವಾಗಿ ನಿಂತಿದ್ದರು. ಜೀಪು ತೀರ್ಥಹಳ್ಳಿಗೆ ಹೊರಟ ಮೇಲೆ ಅದರಲ್ಲಿ ತಮಗೊಂದು ಜಾಗ ಇದ್ದೇ ಇರುತ್ತದೆಂದು ಅವರು ತಿಳಿದಿದ್ದರು. ಮಂಜಯ್ಯ ಸರ್ಕಾರದ ರೋಡ್ ರೋಲರ್ ಓಡಿಸಿ ನಿವೃತ್ತನಾದವನು. ಅವನ ಪ್ರಕಾರ ಇಂಜಿನ್ನಿನ ವಿಷಯದಲ್ಲಿ ಕೊನೆಯ ಮಾತು ಅವನದೇ.

"ಎಂತದು ಮಾರಾಯ ಇದು? ಹಲ್ಲುನೋವಿಗೆ ಕೆನ್ನೆ ಊದಿದ ಹಾಗೆ!" ಎಂದ ಮಂಜಯ್ಯ. "ಮೂಗಿಗಿಂತ ಮೂಗುತಿ ಭಾರ ಅಂತಾರೆ. ನಿಂದು ಮುಖಕ್ಕಿಂತ ಮೂಗೇ ಭಾರ ಆಯ್ತಲ್ಲ."

"ಅದು ಚಂದಕ್ಕೆ ಮಾತ್ರ ಅಲ್ಲ. ಗಾಳಿ ಒಳಗೆ ಹೋಗಿ ಇಂಜಿನ್ ತಂಪಾಗ್ತದೆ. ಜೀಪಿಗೆ ಶಕ್ತಿ ಬರ್ತದೆ."

"ನಾನು ಜೀವಮಾನ ಇಡೀ ರೋಲರ್ ಓಡಿಸಿದೀನಿ. ಅದಕ್ಕೆ ಮೂಗೂ ಇರ್ಲಿಲ್ಲ, ಕಿವೀನೂ ಇರ್ಲಿಲ್ಲ. ಒಂದಿನಾನೂ ಕೆಮ್ಮಲಿಲ್ಲ."

"ನಿನ್ನ ರೋಲರ್ ಹಿಂದೆ ಎಮ್ಮೆ ಬಂದ್ರೆ ಎಮ್ಮೆ ಮುಂದೆ ಹೋಗ್ತಿತ್ತು!"

"ಅದು ಬೇರೆ ಮಾತು" ಎಂದು ಮಂಜಯ್ಯ ಮುಂದಿನ ಸೀಟಿನಲ್ಲಿ ಕೂತ. ಹೆಂಗಸರು ಹಿಂದೆ ಹತ್ತಿದರು. ವರದಮ್ಮ ಗೋಣಿಯಲ್ಲಿದ್ದ ಹಂಡೆಯ ಮೇಲೆ ಹಾಯಾಗಿ ಕಾಲಿಟ್ಟಳು.

ಹೊರಟ ಸ್ವಲ್ಪ ಹೊತ್ತಿಗೆ ಮೂಗಿನ ಗುಣಗಳು ಒಂದೊಂದಾಗಿ ಗೊತ್ತಾದವು. ಮೊದಲನೆಯದಾಗಿ, ಅದರ ಹಿಂದೆ ರಸ್ತೆ ಕಾಣುತ್ತಿರಲಿಲ್ಲ. ಮುಕುಂದಯ್ಯ ತಲೆಯನ್ನು ಹೊರಗೆ ಚಾಚಿ, ಗೂಡಿನಿಂದ ಇಣುಕುವ ಕೋಳಿಯಂತೆ ಓಡಿಸಬೇಕಾಯಿತು. ಎರಡನೆಯದಾಗಿ, ವೇಗ ಏರಿದಂತೆ ಅದರ ಬಾಯಿಗೆ ಗಾಳಿ ಹೊಕ್ಕು "ಹೂಂ" ಎಂದು ಶಂಖದ ಸದ್ದು ಹೊರಡುತ್ತಿತ್ತು. ಹುಂಚದ ಹತ್ತಿರ ರಸ್ತೆ ಬದಿಯಲ್ಲಿದ್ದವರೆಲ್ಲ ಬಸ್ಸು ಬಂತೆಂದು ಗಂಟುಮೂಟೆ ಎತ್ತಿಕೊಂಡು ಓಡಿಬಂದರು. ನಾಯಿಗಳಂತೂ ಊರಿಂದ ಊರಿಗೆ ಅವರನ್ನು ಒಪ್ಪಿಸಿಕೊಡುತ್ತಾ ಬಂದವು.

ಆದರೆ ಏರು ಬಂತು, ಇಳಿಜಾರು ಬಂತು, ಮತ್ತೆ ಏರು ಬಂತು. ಜೀಪು ಕುದಿಯಲಿಲ್ಲ. ಮುಕುಂದಯ್ಯನ ಮೀಸೆಯಡಿಯಲ್ಲಿ ನಗು ಮೂಡಿತು.

"ಏನು ಮಂಜಯ್ಯ, ಎಲ್ಲಿ ಕುದಿ?"

"ಇನ್ನೂ ದಾರಿ ಇದೆ" ಎಂದ ಮಂಜಯ್ಯ ಮುಖ ಸಿಂಡರಿಸಿ.

ಕೋಣಂದೂರಿನಲ್ಲಿ ಚಾ ಕುಡಿಯಲು ನಿಲ್ಲಿಸಿದರು. ಚಾ ಲೋಟ ಹಿಡಿದುಕೊಂಡೇ ಮಂಜಯ್ಯ ಮೂಗಿನ ತಪಾಸಣೆಗೆ ಹೋದ. ಇಂಜಿನ್ನಿನ ಬಿಸಿಗೆ, ಮಾಘದ ಬಿಸಿಲಿಗೆ, ಹಸಿರು ಬಣ್ಣ ಹಪ್ಪಳದಂತೆ ಎದ್ದಿತ್ತು. ಮಂಜಯ್ಯ ಉಗುರಿನಿಂದ ಕೆರೆದ. ಒಂದು ಚಕ್ಕೆ ಕಳಚಿ ಬಿತ್ತು.

"ಬಾ ಮಾರಾಯ ಇಲ್ಲಿ. ಇದೆಂತದು, ಅಕ್ಷರ ಇದ್ದ ಹಾಗಿದೆ? 'ವೆಂ'... ಆಮೇಲೆ 'ಕ'... ಬೊಂಬಾಯಿ ಕಂಪನಿಯವರು ಕನ್ನಡದಲ್ಲಿ ಬರೀತಾರಾ?"

ಮುಕುಂದಯ್ಯ ಬಗ್ಗಿ ನೋಡಿದ. ಕೈಯಲ್ಲಿದ್ದ ಚಾ ಪಂಚೆಯ ಮೇಲೆ ಚೆಲ್ಲಿತು. ಬಿಸಿ ತಾಗಿದ್ದೂ ಅವನಿಗೆ ಗೊತ್ತಾಗಲಿಲ್ಲ.

ವೆಂಕಮ್ಮ! ಅವನ ಅತ್ತೆಯ ಹೆಸರು! ಅತ್ತೆಯ ಹೆಸರಿದ್ದದ್ದು ಉಡುಗೊರೆಯ ಹಂಡೆಯ ಮೇಲೆ. ಅದು ಇಲ್ಲಿ, ಜೀಪಿನ ಮುಖದ ಮೇಲೆ! ಎಂದರೆ ಗುತ್ಯಪ್ಪ ಹಂಡೆ ಅದಲುಬದಲು ಮಾಡಿದ್ದಾನೆ. ಅವನ ಕಣ್ಣಿಗೆ ಪೊರೆ ಬಂದಿರುವುದು ಸಾಗರಕ್ಕೆಲ್ಲ ಗೊತ್ತು. ಒಳ್ಳೆಯ ಹಂಡೆಯನ್ನು ಕತ್ತರಿಸಿ ಮೂಗು ಮಾಡಿ, ಬೆರಳು ತೂರುವಂಥ ತೂತಿದ್ದ ಅಟ್ಟದ ಹಂಡೆಯನ್ನು ಬೆಳಗಿ, ಹುಲ್ಲು ಸುತ್ತಿ, ಗೋಣಿಯಲ್ಲಿ ಹೊಲಿದು ಕೊಟ್ಟಿದ್ದಾನೆ. ವರದಮ್ಮ ಕಾಲಿಟ್ಟು ಕೂತಿದ್ದು ಆ ತೂತು ಹಂಡೆಯ ಮೇಲೆ.

"ಅದು... ಏಜೆನ್ಸಿ ಹೆಸರು. ಶಿವಮೊಗ್ಗದ ಏಜೆನ್ಸಿ" ಎಂದು ಮುಕುಂದಯ್ಯ ತೊದಲಿದ. ಹೆಗಲ ಮೇಲಿದ್ದ ದೊಡ್ಡ ಶಾಲನ್ನು ತೆಗೆದು ಮೂಗಿಗೆ ಬಾಯಿ ಸಮೇತ ಬಿಗಿಯಾಗಿ ಸುತ್ತಿ ಗಂಟು ಹಾಕಿದ.

"ಎಂತಕ್ಕೆ ಮುಚ್ಚಿದ್ರಿ?" ಎಂದಳು ತುಂಗಮ್ಮ ಒಳಗಿನಿಂದ.

"ಧೂಳು. ಧೂಳು ಹೋಗ್ತದೆ ಒಳಗೆ."

"ಗಾಳಿ ಹೋಗ್ಲಿ ಅಂತ ಅಲ್ವಾ ಅದನ್ನ ಹಾಕ್ಸಿದ್ದು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮುಕುಂದಯ್ಯ ಬರಿಯ ಹೆಗಲು ಮುಟ್ಟಿಕೊಂಡು ಗಾಡಿ ಏರಿದ.

ಈಗ ಅವನ ಸಂಕಟ ಎರಡಾಯಿತು. ಶಾಲು ತೆಗೆದರೆ ಅತ್ತೆಯ ಹೆಸರು ಹೊರಗೆ ಬರುತ್ತದೆ. ತೆಗೆಯದಿದ್ದರೆ ಗಾಳಿಯಿಲ್ಲದೆ ಇಂಜಿನ್ ಕುದಿಯುತ್ತದೆ, ನಾಳೆ ಜೀಪು ಹೋಗುತ್ತದೆ. ಪ್ರತಿ ಏರಿನಲ್ಲೂ ಅವನು ಕುಲದೇವರಿಗೆ ಒಂದೊಂದು ಕಾಯಿ ಹೆಚ್ಚಿಗೆ ಹೇಳಿಕೊಂಡ. ಎಂಥ ಆಶ್ಚರ್ಯ! ಬಾಯಿಮೂಗು ಕಟ್ಟಿಸಿಕೊಂಡೂ ಜೀಪು ತಣ್ಣಗೆ ಏರು ಹತ್ತಿತು. ಇದು ಹೇಗಾಯಿತೆಂದು ಯೋಚಿಸುವಷ್ಟು ತಲೆ ಅವನಲ್ಲಿ ಉಳಿದಿರಲಿಲ್ಲ.

ತೀರ್ಥಹಳ್ಳಿಯಲ್ಲಿ ಗಿರಿಯಪ್ಪನ ಮನೆ ಮುಂದೆ ಇಳಿದ ಕೂಡಲೇ ತುಂಗಮ್ಮ ಎಲ್ಲರೆದುರು ಸಾರಿದಳು. "ಒಂದು ಸಲಾನೂ ಕುದೀಲಿಲ್ಲ! ಇನ್ನು ನಮ್ಮ ಜೀಪು ಮಾರೋ ಮಾತೇ ಇಲ್ಲ."

ಬೇರೆ ದಿನವಾಗಿದ್ದರೆ ಮುಕುಂದಯ್ಯ ಕುಣಿಯುತ್ತಿದ್ದ. ಈಗ ಅವನು ಶಾಲಿನ ಗಂಟು ಇನ್ನಷ್ಟು ಬಿಗಿದ. "ಶುಭಕಾರ್ಯ ಅಲ್ವಾ, ಜೀಪಿಗೂ ಪೇಟ ಸುತ್ತಿದೀನಿ" ಎಂದು ಕೇಳದವರಿಗೂ ಹೇಳಿದ.

ಜಗಲಿಯ ಮೇಲೆ ಅತ್ತೆ ವೆಂಕಮ್ಮ ಕಂಬಕ್ಕೊರಗಿ ಕೂತಿದ್ದಳು. ಕಣ್ಣು ಮಂಜಾಗಿದ್ದರೂ ಕಿವಿ ಚುರುಕು. ಪಾತ್ರೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಅದರ ಜಾತಕ ಹೇಳುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ.

"ಅಳಿಯಂದ್ರು ಬಂದ್ರಾ? ನನ್ನ ಹಂಡೆ ತಂದ್ರಾ?"

"ತಂದಿದೀವಿ ಅತ್ತೆ" ಎಂದ ಮುಕುಂದಯ್ಯ.

"ಬೀಗರು ಬರ್ಲಿ. ಅಂಗಳದಲ್ಲಿಟ್ಟು ಕಂಠಮಟ್ಟ ನೀರು ತುಂಬ್ಸಿ, ಅರಿಶಿನ ಹಾಕಿ, ಎರಡೂ ಕಡೆಯವರು ಕೈ ಅದ್ದಬೇಕು. ನಮ್ಮನೆ ಪದ್ಧತಿ. ಹಂಡೆ ಸೋರಿದ್ರೆ ಸಂಬಂಧ ಸೋರ್ತದೆ. ನಮ್ಮ ಚಿಕ್ಕಮ್ಮನ ಮಗಳ ನಿಶ್ಚಯ ಹಾಗೇ ಮುರೀತು. ಒಂದೇ ಒಂದು ಹನಿ ಜಿನುಗಿದ್ದಕ್ಕೆ ಗಂಡಿನವರು ಎದ್ದು ಹೋದ್ರು."

ಒಂದು ಹನಿ! ಗೋಣಿಯೊಳಗಿದ್ದ ಹಂಡೆಯಿಂದ ಹರಿಯುವುದು ಹನಿಯಲ್ಲ, ತುಂಗಾ ನದಿ. ಅಷ್ಟರಲ್ಲಿ ಗಂಗಾ ಬಂದು, "ಮಾವ, ನೀರು ಕುಡೀತೀರಾ? ಯಾಕೆ ಹೀಗೆ ಬೆವರಿದೀರಿ?" ಎಂದು ಕೇಳಿದಳು. ಮಲ್ಲಿಗೆ ಮುಡಿದು ನಗುತ್ತಿದ್ದ ಆ ಹುಡುಗಿಯ ಮುಖ ನೋಡಲಾರದೆ ಅವನು ಜೀಪಿನ ಕಡೆ ತಿರುಗಿದ. ತನ್ನ ಜೀಪಿನ ಚಂದಕ್ಕೆ ಇವಳ ಬಾಳು ಹಾಳಾಗಬೇಕೆ?

ಗಂಡಿನವರು ಹೊಸನಗರದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಸೊಂಟ ಹಿಡಿದುಕೊಂಡೇ ಚಾಪೆಯ ಮೇಲೆ ಕೂತರು. ಹುಡುಗನ ತಂದೆ ಹುಲಿಯಪ್ಪ, ದೊಡ್ಡ ಮೀಸೆ, ಚಿಕ್ಕ ಮಾತು. ತಾಂಬೂಲದ ಶಾಸ್ತ್ರ ಮುಗಿಯಿತು. ಗಿರಿಯಪ್ಪ ಗೋಣಿಯನ್ನು ಅಂಗಳದ ನಡುವೆ ತಂದಿಟ್ಟ. ಹೆಂಗಸರು ಕೊಡಗಳಲ್ಲಿ ನೀರು ಹೊತ್ತು ನಿಂತರು. ತುಂಗಮ್ಮ ಹೊಲಿಗೆ ಬಿಚ್ಚಲು ಕತ್ತರಿ ಹಿಡಿದಳು.

"ತಡೀರಿ!"

ಎಲ್ಲರೂ ತಿರುಗಿದರು. ಕೂಗಿದ್ದು ತಾನೇ ಎಂದು ಮುಕುಂದಯ್ಯನಿಗೆ ಗೊತ್ತಾದದ್ದು ಆಮೇಲೆ.

"ಹಂಡೆ ಬೇಡ. ಈ ಕಾಲದಲ್ಲಿ ಹಂಡೆ ಯಾರು ಕೊಡ್ತಾರೆ? ನಾನು... ನಾನು ಗಂಗಾಗೆ..." ಏನು ಕೊಡುವುದು? ಕಣ್ಣು ಅತ್ತಿತ್ತ ಓಡಿ, ಪೇಟ ಸುತ್ತಿ ನಿಂತಿದ್ದ ಒಂದೇ ವಸ್ತುವಿನ ಮೇಲೆ ಬಿತ್ತು. "ನಾನು ಗಂಗಾಗೆ ಜೀಪು ಕೊಡ್ತೀನಿ!"

ನೀರಿನ ಕೊಡ ಹೊತ್ತವರು ಹಾಗೇ ನಿಂತರು. ಮಂಜಯ್ಯ ಬಾಯಿಗೆ ಹಾಕಬೇಕೆಂದಿದ್ದ ಅಡಕೆ ಕೈಯಲ್ಲೇ ಉಳಿಯಿತು. ಗಿರಿಯಪ್ಪ ದಂಗಾಗಿ ತಂಗಿಯ ಮುಖ ನೋಡಿದ, ತಂಗಿ ಗಂಡನ ಮುಖ ನೋಡಿದಳು, ಗಂಡ ಜೀಪಿನ ಮುಖ ನೋಡಿದ. ತನ್ನ ಬಾಯಿಂದ ಬಂದ ಮಾತಿಗೆ ಎಲ್ಲರಿಗಿಂತ ಹೆಚ್ಚು ಗಾಬರಿಯಾದವನು ಅವನೇ.

ಮೊದಲು ಚೇತರಿಸಿಕೊಂಡದ್ದು ಹುಲಿಯಪ್ಪ. "ಒಪ್ಪಿದೆ. ಹೋಗ್ತಾ ಜೀಪಲ್ಲೇ ಹೋಗ್ತೀವಿ" ಎಂದುಬಿಟ್ಟ.

ತುಂಗಮ್ಮನ ಕಣ್ಣಲ್ಲಿ ನೀರು ಬಂತು. "ಇಷ್ಟು ದೊಡ್ಡ ಮನಸ್ಸು ಅಂತ ಗೊತ್ತಿರ್ಲಿಲ್ಲಪ್ಪ ನಂಗೆ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮದುವೆಯಾದ ಮೇಲೆ ಅವಳು ಗಂಡನನ್ನು ಹೊಗಳಿದ್ದು ಅದೇ ಮೊದಲು. ಅದನ್ನು ಅನುಭವಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ. ಜೀಪಿನ ಕೀಲಿಕೈಯನ್ನು ಹರಿವಾಣದಲ್ಲಿಟ್ಟು, ಕುಂಕುಮ ಹಚ್ಚಿ, ಗಂಗಾಳ ಕೈಗೆ ಕೊಟ್ಟದ್ದಾಯಿತು. ಹೋಗಲಿ, ಜೀಪು ಹೋದರೂ ಮಾನ ಉಳಿಯಿತು ಎಂದು ಅವನು ಉಸಿರು ಬಿಡುವಷ್ಟರಲ್ಲಿ ತುಂಗಮ್ಮ ಕತ್ತರಿ ಎತ್ತಿದಳು.

"ಜೀಪು ಕೊಟ್ರು ಅಂತ ಅವ್ವನ ಹಂಡೆ ಬಿಡಕ್ಕಾಗ್ತದಾ? ಅದೂ ಇರ್ಲಿ."

ಚರಚರನೆ ಹೊಲಿಗೆ ಬಿಚ್ಚಿತು. ಮುಕುಂದಯ್ಯ ಕಣ್ಣು ಮುಚ್ಚಿಕೊಂಡ. ಕೊಡದ ಮೇಲೆ ಕೊಡ ನೀರು ಸುರಿದ ಸದ್ದು ಕೇಳಿತು. ಅಯ್ಯೋ ಎಂದು ಯಾರಾದರೂ ಕಿರುಚುತ್ತಾರೆಂದು ಅವನು ಕಾದ. ಕೇಳಿದ್ದು "ಠಣ್" ಎಂಬ ಸದ್ದು. ವೆಂಕಮ್ಮ ಕೈ ಹಿಡಿಸಿಕೊಂಡು ಬಂದು ಹಂಡೆ ತಟ್ಟಿದ್ದಳು.

"ಇದೇ. ನನ್ನ ಹಂಡೆ."

ಮುಕುಂದಯ್ಯ ಒಂದು ಕಣ್ಣು ತೆರೆದ. ಬಿಸಿಲಿಗೆ ಥಳಥಳ ಹೊಳೆಯುತ್ತಿದ್ದ ಹಂಡೆ ಕಂಠದವರೆಗೆ ತುಂಬಿತ್ತು. ಒಂದು ಹನಿಯೂ ಕೆಳಗಿಲ್ಲ. ಕಂಠದ ಕೆಳಗೆ ದುಂಡಗಿನ ಅಕ್ಷರದಲ್ಲಿ ಕೆತ್ತಿತ್ತು, ವೆಂಕಮ್ಮ.

ಹಾಗಾದರೆ ಜೀಪಿನ ಮೇಲಿರುವ ವೆಂಕಮ್ಮ ಯಾರು?

ಅದಕ್ಕೆ ಉತ್ತರ ಹುಡುಕುವ ಮೊದಲೇ ಮದುವೆ ಹುಡುಗ ತನ್ನ ಜೀಪು ನೋಡಲು ಹೋಗಿ ಶಾಲು ಎಳೆದಿದ್ದ. ಶಾಲಿನ ಜೊತೆಗೆ ಉಳಿದ ಬಣ್ಣವೂ ಸುಲಿದು ಬಂತು. ತಾಮ್ರದ ಮೂಗು ಬಿಸಿಲಲ್ಲಿ ಧಗಧಗಿಸಿತು. ವೆಂಕಮ್ಮ ಅಲ್ಲಿಗೂ ನಡೆದು, ಅದನ್ನೂ ತಟ್ಟಿದಳು.

"ಇದೂ ನಂದೇ!"

"ಅಯ್ಯೋ, ಅಟ್ಟದ ಮೇಲಿನ ತೂತು ಹಂಡೆ!" ಎಂದಳು ತುಂಗಮ್ಮ. "ಇದಾ ಬೊಂಬಾಯಿ ಕಂಪನಿ? ಕೇಳಿದ್ರೆ ನಾನೇ ಕೊಡ್ತಿದ್ನಲ್ಲ. ಎಲ್ಲಿ ಎಸೆಯೋದು ಅಂತ ನೋಡ್ತಾ ಇದ್ದೆ."

"ಅದರ ಮೇಲೆ... ಅತ್ತೆ ಹೆಸರು..." ಎಂದು ಮುಕುಂದಯ್ಯ ಬಡಬಡಿಸಿದ.

"ಹೆಸರು ಇರದೆ ಮತ್ತೆ?" ಎಂದಳು ವೆಂಕಮ್ಮ. "ಮಗಳಿಗೆ ಕೊಟ್ಟ ಪಾತ್ರೆ ಎಲ್ಲದ್ರ ಮೇಲೂ ಕೆತ್ತಿಸಿದೀನಿ. ನೀವು ಉಣ್ಣೋ ತಟ್ಟೆ, ಕುಡಿಯೋ ಲೋಟ, ಮೀಯೋ ತಂಬಿಗೆ, ಸಾರಿನ ಸೌಟು. ಇಷ್ಟು ವರ್ಷ ನನ್ನ ಹೆಸರಲ್ಲೇ ಉಂಡ್ರಲ್ಲ ಅಳಿಯಂದ್ರೆ, ಒಂದಿನಾನೂ ನೋಡ್ಲಿಲ್ವಾ?"

ಅವನು ನೋಡಿರಲಿಲ್ಲ. ಯಾವ ಗಂಡಸು ಸೌಟನ್ನು ತಿರುಗಿಸಿ ಓದುತ್ತಾನೆ?

ಹುಡುಗ ಮೆಲ್ಲಗೆ ಕೆಮ್ಮಿದ. "ಮಾವ, ಬೇಜಾರು ಮಾಡ್ಕೋಬೇಡಿ. ಈ ಮೂಗು ತೆಗೆದುಬಿಡ್ತೀವಿ. ಜನ ನಗ್ತಾರೆ." ಗಿರಿಯಪ್ಪ ಉಳಿ ತಂದ. ಮೊಳೆಗಳು ಎದ್ದವು, ಮೂಗು ಕಳಚಿತು. ಮಂಜಯ್ಯ ಎಲ್ಲರನ್ನೂ ಸರಿಸಿ ಬಗ್ಗಿ ನೋಡಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ಕೆಳಗೆ ತೂತೇ ಇಲ್ಲ ಮಾರಾಯ! ನಿನ್ನ ಗುತ್ಯಪ್ಪ ಬಾನೆಟ್ ಕೊಯ್ದೇ ಇಲ್ಲ. ಸುಮ್ನೆ ಮೇಲಿಟ್ಟು ಮೊಳೆ ಹೊಡ್ದಿದಾನೆ. ಗಾಳಿ ಹೋಗೋದು ಎಲ್ಲಿಗೆ?"

"ಹಾಗಾದ್ರೆ ಕುದೀಲಿಲ್ಲ ಯಾಕೆ?" ಎಂದ ಮುಕುಂದಯ್ಯ.

"ಮೊನ್ನೆ ನೀವು ಅಂಗಡೀಲಿದ್ದಾಗ ನಾನೇ ರೇಡಿಯೇಟರ್ ಬಿಚ್ಚಿಸಿ ತೊಳೆಸಿದ್ದೆ" ಎಂದಳು ತುಂಗಮ್ಮ. "ವರ್ಷಾನುಗಟ್ಟಲೆ ಹಳ್ಳದ ನೀರು ಹೊಯ್ದು ಹೊಯ್ದು, ಬುಟ್ಟಿಗಟ್ಟಲೆ ಕೆಸರು ಬಂತು. ಒಂದು ಏಡಿನೂ ಇತ್ತಂತೆ. ಇನ್ನೆಂತ, ಜರಿ ಸೀರೇಲಿ ಹಳ್ಳಕ್ಕಿಳೀಲಾ ನಾನು?"

ಸಂಜೆ ರಿಪ್ಪನ್‌ಪೇಟೆಯ ಬಸ್ಸಿನಲ್ಲಿ ಮುಕುಂದಯ್ಯ ಕಿಟಕಿಯ ಪಕ್ಕ ಕೂತಿದ್ದ. ತೊಡೆಯ ಮೇಲೆ ಮೂಗು ಇತ್ತು. ಹೊರಡುವಾಗ ಜೀಪು ಅವನ ಮುಂದೆಯೇ ಹೊಸನಗರದ ಕಡೆ ತಿರುಗಿ, ಸದ್ದಿಲ್ಲದೆ, ಸಲೀಸಾಗಿ ಹೋಗಿತ್ತು. ಅದನ್ನು ನೆನೆದು ಅವನಿಗೆ ಅಳು ಬಂತು. ಪಕ್ಕದಲ್ಲಿ ತುಂಗಮ್ಮ, ಬಸ್ಸಿನವರಿಗೆಲ್ಲ ಗಂಡನ ದೊಡ್ಡ ಮನಸ್ಸಿನ ಕತೆ ಹೇಳುತ್ತಿದ್ದಳು.

ಕೋಣಂದೂರು ದಾಟಿ ಒಂದು ಏರಿನಲ್ಲಿ ಬಸ್ಸು ಬುಸ್ಸೆಂದು ಹಬೆಯುಗುಳಿ ನಿಂತಿತು. ಡ್ರೈವರ್ ಇಳಿದು ಬಾನೆಟ್ ಎತ್ತಿ, ಕೈ ಸುಟ್ಟುಕೊಂಡು ಕೂಗಿದ.

"ಕುದಿ ಬಂತು! ಯಾರ ಹತ್ರಾದ್ರೂ ನೀರು ತರಕ್ಕೆ ಪಾತ್ರೆ ಇದೆಯಾ?"

ಎಲ್ಲರೂ ಮುಕುಂದಯ್ಯನ ತೊಡೆ ನೋಡಿದರು.

ಅವನು ಇಳಿದ. ಪೊದೆ ಸರಿಸಿ ಹಳ್ಳಕ್ಕೆ ಹೋಗಿ, ಮೂಗಿನಲ್ಲಿ ನೀರು ಮೊಗೆದು, ಮೊಳೆಯ ತೂತುಗಳಿಗೆ ಬೆರಳು ಒತ್ತಿ ಹಿಡಿದು, ಪಂಚೆ ತೋಯಿಸಿಕೊಳ್ಳುತ್ತಾ ಏರು ಹತ್ತಿ ಬಂದು ಹೊಯ್ದ. ಮತ್ತೆ ಹೋದ, ಮತ್ತೆ ತಂದ. ಇಂಜಿನ್ ತಣ್ಣಗಾಯಿತು. ಕಿಟಕಿಯಿಂದ ಮಂಜಯ್ಯ ತಲೆ ಹೊರಗೆ ಹಾಕಿದ.

"ಈಗ ಒಪ್ಪಿದೆ ಮಾರಾಯ. ನಿನ್ನ ಮೂಗು ಇಂಜಿನ್ ತಂಪು ಮಾಡ್ತದೆ!"

ಡ್ರೈವರ್ ಮೂಗನ್ನು ತಿರುಗಿಸಿ ಮುರುಗಿಸಿ ನೋಡಿ ಮೆಚ್ಚಿಕೊಂಡ. "ಒಳ್ಳೆ ತಾಮ್ರದ್ದು ಅಯ್ಯಾ ಇದು. ಈ ಬಸ್ಸಿಗೆ ದಿನಾ ಬೇಕಾಗ್ತದೆ. ನಿಮಗೆ ಹೇಗೂ ಜೀಪಿಲ್ಲ ಅಂದ್ರು..."

ಮುಕುಂದಯ್ಯ ಮೂಗನ್ನು ಎದೆಗೆ ಅವಚಿಕೊಂಡ. ಅಷ್ಟರಲ್ಲಿ ಒಳಗಿನಿಂದ ತುಂಗಮ್ಮನ ದನಿ ಕೇಳಿಸಿತು.

"ತಗೊಳ್ಳಪ್ಪ, ತಗೋ. ಇವತ್ತು ನಮ್ಮನೆಯವರದ್ದು ಕೊಡೋ ಕೈ!"